ಸೀಳಿದ ಫೈಬರ್ ದೋಟಿಗೆ ತೇಪೆ ಹಾಕುವ ಮುನ್ನ



ಈ ಸಲದ ಅಡಿಕೆ ಕೊಯ್ಲಿನಲ್ಲಿ ಹಳ್ಳಿ ತಿರುಗುವಾಗ ಮೂರು ನಾಲ್ಕು ಮನೆಗಳಲ್ಲಿ ಒಂದೇ ಪ್ರಶ್ನೆ ಎದುರಾಯಿತು. “ಫೈಬರ್ ದೋಟಿ ಸೀಳು ಬಿಟ್ಟಿದೆ, ಅಂಟು ಹಾಕಿ ಸರಿಮಾಡಿಕೊಳ್ಳಬಹುದೇ?” ಒಂದು ಮನೆಯಲ್ಲಂತೂ ಪ್ರಶ್ನೆಗೆ ಮೊದಲೇ ದುರಸ್ತಿ ಮುಗಿದಿತ್ತು. ಸೀಳಿದ ಜಾಗಕ್ಕೆ ಒಂದು ಗೇಣು ಕಬ್ಬಿಣದ ತೆಳುತಂತಿ ಸುತ್ತಿ, ಮೇಲೆ ಟೇಪು ಅಂಟಿಸಿದ್ದರು. ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಆ ತೋಟದ ಅಂಚಿನಲ್ಲಿ 11 ಸಾವಿರ ವೋಲ್ಟಿನ ತಂತಿ ಹಾದುಹೋಗಿದೆ ಎಂಬುದೊಂದೇ ನನ್ನ ನಿದ್ದೆ ಕೆಡಿಸಿದ ಸಂಗತಿ. ಆದಕಾರಣ ಈ ತಿಂಗಳು ಗೊಬ್ಬರದ ವಿಷಯ ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ನಾವು ‘ಫೈಬರ್’ ಎನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ವಸ್ತುಗಳಿವೆ. ಒಂದು ಗಾಜಿನ ಎಳೆಯಿಂದ ಮಾಡಿದ ಫೈಬರ್ ಗ್ಲಾಸ್. ಇನ್ನೊಂದು ಕಾರ್ಬನ್ ಫೈಬರ್, ಎಂದರೆ ಇಂಗಾಲದ ಎಳೆ. ಗಾಜಿನದು ಶುಭ್ರವಾಗಿ, ಒಣಗಿ, ಬಿರುಕಿಲ್ಲದೆ ಇದ್ದಾಗ ವಿದ್ಯುತ್ತನ್ನು ತಡೆಯುತ್ತದೆ. ಇಂಗಾಲದ್ದು ತಡೆಯುವುದಿಲ್ಲ, ಹರಿಯಗೊಡುತ್ತದೆ. ಅಡಿಕೆ ಕೊಯ್ಯಲು, ಔಷಧ ಹೊಡೆಯಲು ಈಗ ಬಂದಿರುವ ಹಗುರವಾದ ಉದ್ದನೆಯ ದೋಟಿಗಳಲ್ಲಿ ಹೆಚ್ಚಿನವು ಕಾರ್ಬನ್ ಫೈಬರಿನವು. “ಅಲ್ಯೂಮಿನಿಯಂ ದೋಟಿ ಅಪಾಯ, ಫೈಬರಾದರೆ ಭಯವಿಲ್ಲ” ಎಂಬ ಮಾತನ್ನು ನಾನು ಎಷ್ಟೋ ಜಗಲಿಗಳಲ್ಲಿ ಕೇಳಿದ್ದೇನೆ. ಅದು ತಪ್ಪು. ಬಣ್ಣ ನೋಡಿಯೂ ತೀರ್ಮಾನಿಸಕೂಡದು, ಏಕೆಂದರೆ ಗಾಜಿನ ಕೋಲಿಗೂ ಕಪ್ಪು ಬಣ್ಣ ಬಳಿದು ಮಾರುತ್ತಾರೆ. ಕೈಯಲ್ಲಿರುವ ದೋಟಿ ಯಾವುದೇ ಇರಲಿ, ತಂತಿಯ ಹತ್ತಿರ ಅದನ್ನು ಕಬ್ಬಿಣದ ಸಲಾಕೆ ಎಂದೇ ಎಣಿಸಬೇಕು.

ಇನ್ನು ಫೈಬರ್ ಗ್ಲಾಸ್ ಎಂದರೇನು? ಮಣ್ಣಿನ ಗೋಡೆ ಕಟ್ಟುವಾಗ ಕೆಸರಿಗೆ ಹುಲ್ಲು ಸೇರಿಸಿ ತುಳಿಯುತ್ತೇವಲ್ಲ, ಅದೇ ಉಪಾಯ. ಗಾಜಿನ ಸಣ್ಣ ಎಳೆಗಳು ಹುಲ್ಲಿನಂತೆ ಎಳೆತವನ್ನು ತಾಳುತ್ತವೆ. ರಾಳ ಕೆಸರಿನಂತೆ ಎಳೆಗಳನ್ನು ಹಿಡಿದಿಟ್ಟು ನೀರು ಒಳಹೋಗದಂತೆ ಕಾಯುತ್ತದೆ. ಹೊಡೆತ ಬಿದ್ದು ರಾಳ ಬಿರಿದರೆ ಎಳೆಗಳ ನಡುವೆ ತೇವ, ಧೂಳು, ಬೋರ್ಡೋ ದ್ರಾವಣ ಎಲ್ಲವೂ ಇಳಿಯುತ್ತವೆ. ಹೊರಗಿನಿಂದ ಕೂದಲಿನಷ್ಟು ಗೆರೆ ಕಾಣಬಹುದು. ಒಳಗೆ ಒದ್ದೆಯ ಹಾದಿಯೇ ಆಗಿರಬಹುದು. ಹೀಗಾಗಿ ಪ್ರತಿಯೊಂದು ಸೀಳಿನಲ್ಲೂ ಎರಡು ಪ್ರಶ್ನೆಗಳಿವೆ. ಭಾರ ತಾಳುತ್ತದೆಯೇ ಎಂಬುದು ಒಂದು. ವಿದ್ಯುತ್ತನ್ನು ತಡೆಯುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದನ್ನು ನಾವು ಅಷ್ಟಿಷ್ಟು ಪರೀಕ್ಷಿಸಬಹುದು. ಎರಡನೆಯದನ್ನು ಕಣ್ಣಿನಿಂದ ನೋಡಿ ಹೇಳಲು ಎಂಥ ನಿಪುಣನಿಂದಲೂ ಆಗದು.

ಇದನ್ನು ಚೆನ್ನಾಗಿ ಬಲ್ಲವರೆಂದರೆ ವಿದ್ಯುತ್ ತಂತಿಯ ಕೆಲಸಕ್ಕೆ ಬಳಸುವ ತೊಟ್ಟಿ ಲಾರಿಯವರು. ಪಟ್ಟಣದಲ್ಲಿ ನೋಡಿರುತ್ತೀರಿ: ಲಾರಿಯ ಮೇಲೊಂದು ಉದ್ದನೆಯ ತೋಳು, ತುದಿಯಲ್ಲಿ ಮನುಷ್ಯ ನಿಲ್ಲುವ ತೊಟ್ಟಿ. ಈ ಯಂತ್ರ ಹುಟ್ಟಿದ್ದು ತೋಟದ ಕೆಲಸದಿಂದ ಎಂದರೆ ನಿಮಗೆ ಸಂತೋಷವಾದೀತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೇ ಐಟೆಲ್ ಎಂಬಾತ 1944ರಲ್ಲಿ ಏಣಿ ಹಾಕಿ ಚೆರ್ರಿ ಹಣ್ಣು ಕಿತ್ತು ಬೇಸತ್ತು ಇದನ್ನು ಕಲ್ಪಿಸಿದನಂತೆ. ಇಂದಿಗೂ ಅಲ್ಲಿ ಇದಕ್ಕೆ ‘ಚೆರ್ರಿ ಪಿಕರ್’ ಎಂಬ ಹೆಸರುಂಟು.

ಜೀವಂತ ತಂತಿಯ ಬಳಿ ಕೆಲಸ ಮಾಡುವ ಇಂಥ ಲಾರಿಗಳಲ್ಲಿ ತೋಳಿನ ಒಂದು ಭಾಗ ಫೈಬರ್ ಗ್ಲಾಸಿನದಾಗಿರುತ್ತದೆ. ಮೇಲಿರುವವನಿಂದ ನೆಲಕ್ಕೆ ವಿದ್ಯುತ್ತು ಹರಿಯದಂತೆ ತಡೆಯುವುದು ಅದೇ. ಅದಕ್ಕೆ ಬಿರುಕು ಬಂದರೆ ಅಲ್ಲಿ ಗ್ಯಾರೇಜಿನವನು ಅಂಟು ಬಳಿದು ಕಳಿಸುವಂತಿಲ್ಲ. ತಯಾರಕರು ಹೇಳಿದ ರಾಳ, ಹೇಳಿದ ಬಟ್ಟೆ, ಹೇಳಿದ ಕ್ರಮದಲ್ಲೇ ಸರಿಪಡಿಸಬೇಕು. ಆಮೇಲೆ ತೋಳಿಗೆ ಹೆಚ್ಚಿನ ವೋಲ್ಟೇಜು ಕೊಟ್ಟು ಎಷ್ಟು ವಿದ್ಯುತ್ತು ಸೋರುತ್ತದೆಂದು ಮೈಕ್ರೊಆಂಪಿಯರ್ ಲೆಕ್ಕದಲ್ಲಿ ಅಳೆಯುತ್ತಾರೆ. ಮೈಕ್ರೊಆಂಪಿಯರ್ ಎಂದರೆ ಒಂದು ಆಂಪಿಯರಿನ ಹತ್ತು ಲಕ್ಷದ ಒಂದು ಪಾಲು. ಅಂಥ ಸಾವಿರ ಪಾಲು ಸೇರಿದರೆ ನಮಗೆ ಜುಮ್ಮೆನ್ನುತ್ತದೆ. ಐವತ್ತು ಸಾವಿರ ಪಾಲು ಎದೆಯ ಮೂಲಕ ಹರಿದರೆ ಹೃದಯ ನಿಲ್ಲಬಹುದು. ತೊಟ್ಟಿಯಲ್ಲಿ ಸಲಕರಣೆ ತೂಗುಹಾಕಲು ಒಂದು ತೂತು ಕೊರೆಯುವುದನ್ನೂ ಅವರು ಒಪ್ಪುವುದಿಲ್ಲ. ಕೊರೆದ ತೂತು ನೀರಿಗೆ ಬಾಗಿಲು, ಹಾಕಿದ ಬೋಲ್ಟು ವಿದ್ಯುತ್ತಿಗೆ ಸೇತುವೆ.

ಆ ಅಳತೆಯ ಯಂತ್ರ ನಮ್ಮಲ್ಲಿಲ್ಲ. ಹಾಗಿದ್ದಮೇಲೆ ದೋಟಿ, ಏಣಿಗಳ ತೇಪೆಯನ್ನು ನಂಬುವುದು ಹೇಗೆ? ನನ್ನ ಸಲಹೆ ನೇರವಾಗಿದೆ. ಸೀಳಿದ ದೋಟಿಯ ತುಂಡನ್ನು ಮಾರಿದವರಿಂದಲೇ ಬದಲಿಸಿಕೊಳ್ಳಿ; ಹೆಚ್ಚಿನ ದೋಟಿಗಳು ಒಂದರೊಳಗೊಂದು ಸೇರುವ ಕೊಳವೆಗಳಾದ್ದರಿಂದ ಕೆಟ್ಟ ಕೊಳವೆಯೊಂದನ್ನೇ ಕೇಳಿ ನೋಡಬಹುದು. ಫೈಬರ್ ಗ್ಲಾಸ್ ಏಣಿಯ ನಿಲುಗಾಲು ಸೀಳಿದ್ದರೆ ಅದಕ್ಕೆ ತೇಪೆಯಿಲ್ಲ. ಹತ್ತು ಸಲ ತಾಳಿ ಹನ್ನೊಂದನೆಯ ಸಲ ಹೇಳದೆ ಮುರಿಯುವುದು ಅದರ ಸ್ವಭಾವ. ಮರ ಕಿರುಗುಟ್ಟಿ ಎಚ್ಚರಿಸುತ್ತದೆ, ಇದು ಎಚ್ಚರಿಸುವುದಿಲ್ಲ.

ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಮನೆಯ ಫೈಬರ್ ಗ್ಲಾಸ್ ಏಣಿ ಬಿಸಿಲಿಗೆ ಮಂಕಾಗಿ, ಹಿಡಿದರೆ ಕೈ ತುರಿಸುತ್ತಿತ್ತು. ಚೆಂದ ಕಾಣಲೆಂದು ಗೇಟಿಗೆ ತಂದು ಉಳಿದಿದ್ದ ಬೆಳ್ಳಿ ಬಣ್ಣವನ್ನು ಅದಕ್ಕೆ ಬಳಿದೆ. ಕಂಬದ ಕೆಲಸಕ್ಕೆ ಬಂದ ಲೈನ್‌ಮನ್ ಒಬ್ಬರು ನೋಡಿ ನಕ್ಕರು. “ಡಿಪ್ಲೊಮಾ ಓದಿದವರು ಏಣಿಗೆ ಅಲ್ಯೂಮಿನಿಯಂ ಲೇಪ ಮಾಡಿದ್ದೀರಲ್ಲ!” ಬೆಳ್ಳಿ ಬಣ್ಣದ ಹೊಳಪು ಅಲ್ಯೂಮಿನಿಯಂ ಪುಡಿಯದು. ವಿದ್ಯುತ್ತು ತಡೆಯಲೆಂದು ಕೊಂಡ ಏಣಿಗೆ ನಾನೇ ಲೋಹ ಬಳಿದಿದ್ದೆ. ಕೈ ತುರಿಸುವುದು ರಾಳ ಸವೆದು ಎಳೆ ಹೊರಬಂದುದರ ಗುರುತು ಎಂಬುದನ್ನೂ ಅವರಿಂದಲೇ ಕಲಿತೆ.

ಹಾಗಾದರೆ ಮನೆಯಲ್ಲಿ ತೇಪೆ ಹಾಕಬಹುದಾದದ್ದು ಯಾವುದು? ನೀರಿನ ತೊಟ್ಟಿ, ಡ್ರಮ್ಮಿನ ಮುಚ್ಚಳ, ಮೇವಿನ ಬಾನಿ ಮುಂತಾದವು. ಎಂದರೆ ಮುರಿದರೂ ಯಾರೂ ಬೀಳದ, ತಂತಿಯ ಬಳಿಗೆ ಹೋಗದ ಸಾಮಾನುಗಳು. ಕುಡಿಯುವ ನೀರಿನ ತೊಟ್ಟಿಯಾದರೆ ತೇಪೆ ಹೊರಗಡೆಯಿಂದಲೇ ಇರಲಿ.

ಮೊದಲು ಹಾನಿ ಎಷ್ಟು ದೂರ ಹಬ್ಬಿದೆ ನೋಡಿ. ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುವಂತೆ ಒಂದು ನಾಣ್ಯದಿಂದ ಸೀಳಿನ ಸುತ್ತ ತಟ್ಟುತ್ತ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಬೊದ್ದು ಸದ್ದು ಮಾಡುತ್ತದೆ. ಸದ್ದು ಬದಲಾಗುವ ಕಡೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ತೊಳೆದು, ನೆರಳಿನಲ್ಲಿ ಎರಡು ದಿನ ಒಣಗಲು ಬಿಡಿ. ತೇವದ ಮೇಲೆ ರಾಳ ಹಿಡಿಯುವುದಿಲ್ಲ, ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಗೆರೆಯ ಆಚೆ ಎರಡು ಅಂಗುಲದವರೆಗೆ 80 ನಂಬರಿನ ಮರಳು ಕಾಗದದಿಂದ ಉಜ್ಜಿ, ಸೀಳಿನ ಕಡೆಗೆ ತಟ್ಟೆಯಂತೆ ಇಳಿಜಾರು ಬರಬೇಕು. ಗಾಜಿನ ಧೂಳು ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು. ಮೂಗಿಗೆ ಮುಸುಕು, ಕಣ್ಣಿಗೆ ಕನ್ನಡಕ, ತುಂಬುತೋಳಿನ ಅಂಗಿ ಇರಲಿ. ಗಾಳಿಗೆ ಬೆನ್ನು ಕೊಟ್ಟು ಕೂರಿ. ಮಕ್ಕಳನ್ನೂ ದನವನ್ನೂ ದೂರವಿಡಿ.

ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ರಾಳದ ಜೊತೆ ಗಟ್ಟಿಕಾರಕ ಎಂಬ ಸಣ್ಣ ಸೀಸೆ ಕೊಡುತ್ತಾರೆ. ರಾಳ 100 ಗ್ರಾಮಿಗೆ ಅದು 1ರಿಂದ 2 ಗ್ರಾಂ ಸಾಕು. ನೀರಿನಂತೆ ತಿಳಿಯಾಗಿರುವ ಈ ಸೀಸೆಯೇ ಎಲ್ಲಕ್ಕಿಂತ ಅಪಾಯದ್ದು. ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿ ಹೋಗಬಹುದು. ಸಿಡಿದೊಡನೆ ಕಾಲು ಗಂಟೆಗೆ ಕಡಮೆಯಾಗದಂತೆ ನೀರು ಸುರಿಯುತ್ತ ತೊಳೆದು ಆಸ್ಪತ್ರೆಗೆ ಓಡಬೇಕು. ಕೆಲವು ಕಡೆ ನೇರಳೆ ಬಣ್ಣದ ಕೋಬಾಲ್ಟ್ ಎಂಬ ಮೂರನೆಯ ಸೀಸೆಯೂ ಬರುತ್ತದೆ. ಅದನ್ನೂ ಗಟ್ಟಿಕಾರಕವನ್ನೂ ಯಾವ ಕಾರಣಕ್ಕೂ ನೇರವಾಗಿ ಬೆರೆಸಕೂಡದು, ಸಿಡಿದು ಬೆಂಕಿ ಹತ್ತುತ್ತದೆ. ಕೋಬಾಲ್ಟನ್ನು ಮೊದಲು ರಾಳದಲ್ಲಿ ಪೂರ್ತಿ ಕಲಸಿ, ಆಮೇಲಷ್ಟೇ ಗಟ್ಟಿಕಾರಕ ಹಾಕಬೇಕು. ಎರಡು ಸೀಸೆಗಳನ್ನು ಒಂದೇ ಚೀಲದಲ್ಲಿ ತರುವುದೂ ಬೇಡ. ಬಯಲಿನಲ್ಲಿ ಕೆಲಸ ಮಾಡಿ. ಬೀಡಿ, ಒಲೆ ಹತ್ತಿರ ಸುಳಿಯಬಾರದು.

ಒಂದು ಸಲಕ್ಕೆ ಒಂದು ಲೋಟದಷ್ಟು ಮಾತ್ರ ಕಲಸಿ. ಹೆಚ್ಚಾದರೆ ಪಾತ್ರೆಯಲ್ಲೇ ಕಾದು ಹೊಗೆಯಾಡುತ್ತದೆ. ಉಜ್ಜಿದ ಜಾಗಕ್ಕೆ ರಾಳ ಬಳಿದು, ಗಾಜಿನ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಕೂರಿಸಿ, ಪ್ರತಿ ತುಂಡಿನ ಮೇಲೂ ಬ್ರಷ್ಷಿನಿಂದ ಕುಟ್ಟಿ ಗುಳ್ಳೆ ಹೊರಡಿಸಿ. ಗುಳ್ಳೆ ಉಳಿದ ಕಡೆ ಮುಂದೆ ನೀರು ನಿಲ್ಲುತ್ತದೆ. ಮರುದಿನದವರೆಗೆ ಮುಟ್ಟಬೇಡಿ.

ಇನ್ನು ತಂತಿಯ ಮಾತು. ತೋಟದ ಮೇಲೆ ಅಥವಾ ಪಕ್ಕದಲ್ಲಿ ತಂತಿ ಇದ್ದರೆ, ದೋಟಿ ಕೈತಪ್ಪಿ ಬಿದ್ದರೂ ತಂತಿಗೆ ತಾಗದಷ್ಟು ದೂರದ ಮರಗಳನ್ನು ಮಾತ್ರ ಕೊಯ್ಯಿರಿ. 60 ಅಡಿಯ ದೋಟಿಯಾದರೆ 60 ಅಡಿಗಿಂತ ಹೆಚ್ಚು. ಉಳಿದ ಸಾಲುಗಳಿಗೆ 1912ಕ್ಕೆ ಫೋನು ಮಾಡಿ, ಲೈನು ತೆಗೆಸಿ, ತೆಗೆದಿದ್ದಾರೆಂದು ಸಿಬ್ಬಂದಿಯಿಂದಲೇ ಖಚಿತಪಡಿಸಿಕೊಂಡ ಮೇಲೆ ಕೊಯ್ಯಿರಿ. ಮನೆಯ ದೀಪ ಆರಿತೆಂದು ತಂತಿ ಸತ್ತಿತೆಂದು ತಿಳಿಯಬೇಡಿ. ಯಾರಾದರೂ ಸಿಕ್ಕಿಬಿದ್ದರೆ ಅವರನ್ನಾಗಲಿ ದೋಟಿಯನ್ನಾಗಲಿ ಮುಟ್ಟದೆ ಮೊದಲು ಲೈನು ತೆಗೆಸಬೇಕು.

ತೆಳುತಂತಿ ಸುತ್ತಿದ್ದ ಆ ಮನೆಯವರು ಕೊನೆಗೆ ಹೊಸ ಕೊಳವೆ ತರಿಸಿದರು. ಹಳೆಯದನ್ನು ಎಸೆದರೆ ಯಾರಾದರೂ ಎತ್ತಿಕೊಂಡು ಬಳಸಿಯಾರೆಂದು ನಾಲ್ಕು ತುಂಡು ಮಾಡಿ, ತುದಿಗೆ ಬಟ್ಟೆ ಸುತ್ತಿ, ಎಳೆಯ ಬಾಳೆಗಳಿಗೆ ಊರುಗೋಲು ಕೊಟ್ಟಿದ್ದಾರೆ. ಒಲೆಗೆ ಮಾತ್ರ ಹಾಕಬೇಡಿ, ಅದರ ಹೊಗೆ ಒಳ್ಳೆಯದಲ್ಲ.