ಆರಂಭಕಾಲದ ಸ್ಮಾರ್ಟ್‌ಫೋನುಗಳ ಗುಣದೋಷ ವಿಚಾರ

ಉಪಕರಣದ ಯೋಗ್ಯತೆಯು ಅಂಗಡಿಯಲ್ಲಿ ನೋಡಿದ ಮಾತ್ರಕ್ಕೆ ತಿಳಿಯುವಂಥದಲ್ಲ. ದಿನನಿತ್ಯದ ಕೆಲಸಕ್ಕೆ ಹಚ್ಚಿದ ಮೇಲೆಯೇ ಅದು ಗೊತ್ತಾಗುವದು. ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರ ಮನೆಗಳಲ್ಲಿ ಈಗ ಸ್ಮಾರ್ಟ್‌ಫೋನು ಇರುವದು. ಆದರೆ ಅದರ ಬಾಲ್ಯಾವಸ್ಥೆಯನ್ನು ಅವರು ಕಂಡವರಲ್ಲ. ಆದಕಾರಣ ಆ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸುವೆವು.

ಮಾತಾಡುವ ಸಾಧನದೊಳಗೆ ಗಣಕಯಂತ್ರದ ಕೆಲಸಗಳನ್ನೂ ಸೇರಿಸಿದರೆ ಅದು ಸ್ಮಾರ್ಟ್‌ಫೋನು. ಇವುಗಳಲ್ಲಿ ಮೊದಲನೆಯದೆಂದು ಎಣಿಸಲ್ಪಡುವ ಐಬಿಎಂ ಸೈಮನ್ 1994ರ ಆಗಸ್ಟಿನಲ್ಲಿ ಅಮೇರಿಕದಲ್ಲಿ ಮಾರಾಟಕ್ಕೆ ಬಂದಿತು. ಪರದೆಯನ್ನು ಮುಟ್ಟಿ ಕರೆ ಮಾಡಬಹುದಾಗಿತ್ತು. ವಿಳಾಸಪಟ್ಟಿ, ದಿನದರ್ಶಿ, ಇಮೇಲ್, ಫ್ಯಾಕ್ಸ್ ಇವೆಲ್ಲ ಅದೊಂದರಲ್ಲಿಯೇ ಇದ್ದವು. ಆದರೆ ಅದರ ತೂಕ ಸುಮಾರು ಅರ್ಧ ಕಿಲೋಗ್ರಾಂ; ಬೆಲೆಯು ಸೇವೆಯ ಕರಾರಿನೊಡನೆ ಕೊಂಡರೂ 899 ಡಾಲರು; ಒಂದು ಗಂಟೆಯಷ್ಟು ಮಾತಾಡಿದರೆ ಬ್ಯಾಟರಿ ಬರಿದು. 1996ರಲ್ಲಿ ಫಿನ್ಲೆಂಡಿನ ನೋಕಿಯಾದವರು ತಂದ 9000 ಕಮ್ಯುನಿಕೇಟರ್ ಎಂಬದು ಕನ್ನಡಕದ ಪೆಟ್ಟಿಗೆಯಂತೆ ತೆರೆಯುತ್ತಿತ್ತು. ಒಳಗಿನ ಕೀಲಿಮಣೆಯಿಂದ ಬರೆಯುವದು ಸುಲಭವಾಯಿತು. ಆದರೂ ಅದು 397 ಗ್ರಾಂ ತೂಗುತ್ತಿತ್ತು.

2007ರ ಜೂನ್ 29ರಂದು ಅಮೇರಿಕದಲ್ಲಿ ಮಾರಾಟಕ್ಕೆ ಬಂದ ಐಫೋನು ಕೀಲಿಗಳನ್ನೂ ಕಡ್ಡಿಯನ್ನೂ ಬಿಟ್ಟು ಬರಿಯ ಬೆರಳಿಗೆ ಅಧೀನವಾಯಿತು. ನಕ್ಷೆ, ಸಂಗೀತ, ಅಂತರಜಾಲ ಎಲ್ಲವೂ ಸರಾಗವಾದವು. ಹಾಗಿದ್ದರೂ ಬರೆದದ್ದನ್ನು ನಕಲು ಮಾಡಿ ಬೇರೊಂದೆಡೆ ಸೇರಿಸುವ ಸೌಕರ್ಯ ಅದಕ್ಕೆ ಒದಗಿದ್ದು 2009ರಲ್ಲಿ. ನಮ್ಮ ನಾಡಿನವರಿಗೆ ಇನ್ನೊಂದು ಕೊರತೆಯಿತ್ತು. ಮೊದಮೊದಲಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಅಕ್ಷರಗಳು ಬಹುಮಟ್ಟಿಗೆ ಖಾಲಿ ಚೌಕಗಳಾಗಿ ತೋರುತ್ತಿದ್ದವು. ಮಗಳು ಕನ್ನಡದಲ್ಲಿ ಬರೆದರೆ ತಾಯಿಗೆ ಓದಲಾಗದಂಥ ಯಂತ್ರವು ಎಷ್ಟು ಜಾಣವಾಗಿದ್ದರೇನು?

ಎಲ್ಲಕ್ಕಿಂತ ದೊಡ್ಡ ದೋಷ ಬ್ಯಾಟರಿಯದು. ಅದಕ್ಕೆ ಕಾರಣವುಂಟು. ಅಗಲವಾದ ಪರದೆಯು ಬೆಳಗುತ್ತಿರುವಾಗಲೂ, ಯಂತ್ರವು ಅಂತರಜಾಲದೊಡನೆ ಎಡೆಬಿಡದೆ ವ್ಯವಹರಿಸುವಾಗಲೂ ವಿದ್ಯುತ್ತು ವೆಚ್ಚವಾಗುವದು. 2003ರಲ್ಲಿ ಬಂದ ನೋಕಿಯಾ 1100 ಎಂಬ ಸಾದಾ ಫೋನಿನಲ್ಲಿ ಕರೆ, ಸಂದೇಶ, ಒಂದು ಚಿಕ್ಕ ದೀಪ, ಇಂಥ ಕೆಲವೇ ಸೌಕರ್ಯಗಳಿದ್ದವು. ಆದರೆ ಒಮ್ಮೆ ವಿದ್ಯುತ್ತು ತುಂಬಿದರೆ ಅದು ಕೆಲವು ದಿನ ನಡೆಯುತ್ತಿತ್ತು.

ಈ ಭೇದವನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. 2010ರಲ್ಲಿ, ನಾವು ಇನ್ನೂ ಸಹಾಧ್ಯಾಪಕಿಯಾಗಿದ್ದಾಗ, ಬೇಲೂರು ಹಳೇಬೀಡುಗಳ ಪ್ರವಾಸ ಮುಗಿಸಿ ಹುಡುಗಿಯರೊಂದಿಗೆ ಮಂಗಳೂರಿಗೆ ಹಿಂದಿರುಗುವಾಗ, ಸಕಲೇಶಪುರದ ಸಮೀಪ ಬಸ್ಸು ಕೆಟ್ಟು ನಿಂತಿತು. ಪಾಲಕರ ಸಂಖ್ಯೆಗಳೆಲ್ಲ ನಮ್ಮ ಹೊಸ ಸ್ಮಾರ್ಟ್‌ಫೋನಿನಲ್ಲಿಯೇ ಇದ್ದವು. ಹಗಲೆಲ್ಲ ಚಿತ್ರ ತೆಗೆಯುತ್ತ ಬಂದಿದ್ದ ಆ ಯಂತ್ರವು ಕತ್ತಲಾಗುವ ಮೊದಲೇ ಆರಿಹೋಗಿತ್ತು. ಜತೆಗೆ ಬಂದಿದ್ದ ಆಯಾ ಅವರ ಗುಂಡಿಫೋನಿಗೆ ಜೀವವಿತ್ತು. ಆದರೆ ಯಾರನ್ನು ಕರೆಯುವದು? ನಮಗೆ ಒಂದು ಸಂಖ್ಯೆಯೂ ಬಾಯಿಗೆ ಬರಲಿಲ್ಲ. ಆಗ ಏಳನೆಯ ತರಗತಿಯ ಬಾಲಕಿಯೊಬ್ಬಳು, “ಟೀಚರ್, ಅಪ್ಪನ ನಂಬರು ನನಗೆ ಗೊತ್ತುಂಟು” ಎಂದಳು. ಆ ಒಬ್ಬ ತಂದೆಯ ಮೂಲಕ ಮನೆಮನೆಗೂ ಸುದ್ದಿ ಮುಟ್ಟಿತು. ನಡುರಾತ್ರಿಯಲ್ಲಿ ಶಾಲೆಯ ಬಾಗಿಲಲ್ಲಿ ಕಾದು ನಿಂತಿದ್ದ ತಾಯಂದಿರ ಮುಖಗಳನ್ನು ನಾವು ಇಂದಿಗೂ ಮರೆತಿಲ್ಲ.

ಹತ್ತು ಸಾಧನಗಳನ್ನು ಒಂದರಲ್ಲಿ ಕೂಡಿಸಿದ್ದೇ ಸ್ಮಾರ್ಟ್‌ಫೋನಿನ ಹಿರಿಮೆ. ಅದೇ ಅದರ ದೌರ್ಬಲ್ಯವೂ ಹೌದು. ಯಾಕಂದರೆ ಅದೊಂದು ನಿಂತರೆ ಹತ್ತೂ ಒಟ್ಟಿಗೆ ನಿಲ್ಲುವವು. ಆ ಬಳಿಕ ಯಂತ್ರಗಳು ಬಹಳ ಸುಧಾರಿಸಿದವು. 2012ರ ಆಂಡ್ರಾಯ್ಡ್ 4.1ರಿಂದ ಕನ್ನಡದ ಓದೂ ಸುಗಮವಾಯಿತು. ಆದರೆ ಈ ನಿಯಮವು ಮಾತ್ರ ಬದಲಾಗಲಿಲ್ಲ.

ಆದುದರಿಂದ ಪ್ರಿಯ ಬಾಲೆಯರೇ, ಯಂತ್ರವನ್ನು ಹಳಿಯಬೇಡಿರಿ, ಅದನ್ನು ಚೆನ್ನಾಗಿ ಉಪಯೋಗಿಸಿರಿ. ಆದರೆ ನಿಮ್ಮ ಮನೆಯ ಎರಡು ಸಂಖ್ಯೆಗಳನ್ನಾದರೂ ಇಂದೇ ಬಾಯಿಪಾಠ ಮಾಡಿರಿ. ಮಿಕ್ಕವುಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದು ಚೀಲದಲ್ಲಿಡಿರಿ. ಅಂದಿನಿಂದ ನಮ್ಮ ಚೀಲದಲ್ಲಿಯೂ ಅಂಥ ಒಂದು ಪುಸ್ತಕವಿರುವದು.