ಮೂರು ತಿಂಗಳು ತಡೆಯಿರಿ, ಅಕ್ಕನ ಮನೆಗೆ ಹೋಗಿ ಹೇಳಿ

ಪ್ರಶ್ನೆ: ಮದ್ದೂರು ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೇನೆ. ಸೇರಿ ನಾಲ್ಕು ವರ್ಷ ಒಂಬತ್ತು ತಿಂಗಳಾಯಿತು. ಬೇಸಿಕ್, ಡಿಎ ಸೇರಿ ಹದಿಮೂರು ಸಾವಿರ. ಬೆಳಕವಾಡಿಯಿಂದ ಬೆಳಗ್ಗೆ ಆರೂವರೆಗೆ ವ್ಯಾನ್ ಹತ್ತಿದರೆ ಮನೆ ಸೇರುವಾಗ ರಾತ್ರಿ ಎಂಟು. ಮಳವಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವವರು ಬ್ಲೌಸ್ ಹೊಲಿಗೆ ನೋಡಿಕೊಳ್ಳಲು ಕರೆದಿದ್ದಾರೆ. ಸಂಬಳ ಸಾವಿರ ರೂಪಾಯಿ ಕಡಿಮೆ, ಆದರೆ ಸಂಜೆ ಆರಕ್ಕೆ ಮನೆಯಲ್ಲಿರಬಹುದು. ಒಂದನೇ ತಾರೀಖಿಗೇ ಬನ್ನಿ ಅನ್ನುತ್ತಿದ್ದಾರೆ. ನನ್ನನ್ನು ಫ್ಯಾಕ್ಟರಿಗೆ ಸೇರಿಸಿದ್ದು ನಮ್ಮ ಬೀದಿಯ ಒಬ್ಬ ಅಕ್ಕ, ಈಗ ನಮ್ಮ ಲೈನಿನ ಸೂಪರ್‌ವೈಸರ್. ಅವರ ಮುಖ ನೋಡಿ ಹೇಳಲು ಬಾಯಿ ಬರುತ್ತಿಲ್ಲ. ಜೊತೆಯವರು "ಯೋಳಕ್ಕೋಗ್ಬೇಡ, ನಾಳಿಂದ ಹೋಗದ್ ಬುಟ್ಬುಡು" ಅನ್ನುತ್ತಾರೆ. ಅಮ್ಮನಿಗೆ ಹುಷಾರಿಲ್ಲ ಎಂದು ಹೇಳಿ ಬಿಡಲೇ?
— ಹೆಸರು ಬೇಡ, ಬೆಳಕವಾಡಿ

ಉತ್ತರ: ಕೆಲಸ ಬಿಡುವುದು ತಪ್ಪಲ್ಲ. ಹದಿಮೂರೂವರೆ ಗಂಟೆ ಮನೆಯ ಹೊರಗಿರುವ ಹೆಂಗಸು ಸಾವಿರ ರೂಪಾಯಿ ಬಿಟ್ಟುಕೊಟ್ಟು ಸಂಜೆಯನ್ನು ವಾಪಸು ಪಡೆಯುತ್ತೇನೆಂದರೆ ಅದು ಲೆಕ್ಕ ಬಲ್ಲವರ ಮಾತು. ನನ್ನ ತಕರಾರು ಇರುವುದು ಒಂದನೇ ತಾರೀಖಿನ ಬಗ್ಗೆ.

ನೋಡಿ ತಾಯಿ, ಇನ್ನು ಮೂರು ತಿಂಗಳಿಗೆ ನಿಮಗೆ ಐದು ವರ್ಷ ತುಂಬುತ್ತದೆ. ಕಾಯಂ ನೌಕರರಿಗೆ ಗ್ರಾಚ್ಯುಟಿ ಹಕ್ಕಾಗುವುದು ಐದು ವರ್ಷದ ಸತತ ಸೇವೆಗೆ. ಅದರ ಲೆಕ್ಕ ಹೀಗೆ: ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳಿಗೆ 26 ದಿನವೆಂದು ಹಿಡಿದು. ನಿಮ್ಮ 13,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 7,500. ಐದು ವರ್ಷಕ್ಕೆ 37,500 ರೂಪಾಯಿ. ನಾಲ್ಕು ವರ್ಷದ ಮೇಲೆ 240 ದಿನ ದುಡಿದಿದ್ದರೆ ಸಾಕು ಎನ್ನುವ ವಾದವಿದೆ, ಹಾಗೆ ಹೇಳಿದ ತೀರ್ಪೂ ಇದೆ. ಅದನ್ನೇ ನೆಚ್ಚಿ ಬಿಟ್ಟರೆ ನಿಮ್ಮ ದುಡ್ಡಿಗೆ ನೀವೇ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಿ ಇಳಿಯಬೇಕಾಗುತ್ತದೆ. ಗಾರ್ಮೆಂಟ್ಸ್‌ನಲ್ಲಿ ಎಷ್ಟೋ ಹೆಣ್ಣುಮಕ್ಕಳು ಮೂರೋ ನಾಲ್ಕೋ ವರ್ಷಕ್ಕೆ ಬಿಟ್ಟು, ಬೇರೆ ಫ್ಯಾಕ್ಟರಿಯಲ್ಲಿ ಮತ್ತೆ ಒಂದರಿಂದ ಎಣಿಸಲು ಶುರುಮಾಡುತ್ತಾರೆ. ನೀವು ಇಷ್ಟು ಹತ್ತಿರ ಬಂದು ಕೈಬಿಡಬೇಡಿ.

ಅಂಗಡಿಯವರಿಗೆ ಇದನ್ನು ಇದ್ದಹಾಗೇ ಹೇಳಿ. "ಅಣ್ಣ, ಐದು ವರ್ಷ ತುಂಬಿಸ್ಕೊಂಡು ಬರ್ತೀನಿ, ಅಲ್ಲೀಗಂಟ ಭಾನುವಾರ ಬೇಕಾದ್ರೆ ಬಂದು ಹೊಲ್ಕೊಡ್ತೀನಿ." ಕೈ ಕುದುರಿದ ಟೈಲರ್ ದಾರಿಯಲ್ಲಿ ಬಿದ್ದಿರುವುದಿಲ್ಲ, ಅದು ಅವರಿಗೂ ಗೊತ್ತು. ಮೂರು ತಿಂಗಳು ತಡೆಯಲಾರದವರು ನಾಳೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದ ದಿನ ರಜೆ ಕೊಡುತ್ತಾರೆಯೇ ಎಂಬುದನ್ನೂ ಯೋಚಿಸಿ.

ಇನ್ನು ಹೇಳದೆ ಕೇಳದೆ ಬಿಟ್ಟುಬಿಡುವ ಮಾತು. ಜೊತೆಯವರು ಕೆಟ್ಟದ್ದು ಬಯಸಿ ಹೇಳಿಲ್ಲ, ಅವರು ಕಂಡಿರುವುದೇ ಅದು. ಆದರೆ ಗೈರುಹಾಜರಾಗಿ ಕೆಲಸ ಬಿಟ್ಟವರ ಪಿಎಫ್ ಖಾತೆಯಲ್ಲಿ ಬಿಟ್ಟ ದಿನಾಂಕವನ್ನು ಕಂಪನಿ ಹಾಕದೇ ಉಳಿದುಬಿಡುತ್ತದೆ, ಆಮೇಲೆ ಅರ್ಜಿ ಹಾಕಿದಾಗೆಲ್ಲ ವಾಪಸು. ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಆಧಾರ್ ಜೋಡಣೆ ಆಗಿರುವ ಯುಎಎನ್‌ನಲ್ಲಿ ನಾವೇ ಆ ದಿನಾಂಕ ಹಾಕಬಹುದು, ನಿಜ. ಆದರೂ ಮಾಡಿದ ಕೆಲಸದ ಸಂಬಳಕ್ಕೆ, ಬೋನಸ್ಸಿಗೆ, ಅನುಭವ ಪತ್ರಕ್ಕೆ ಅದೇ ಗೇಟಿನ ಮುಂದೆ ಹೋಗಿ ನಿಲ್ಲಬೇಕಲ್ಲ. ಆಗ ಸೆಕ್ಯೂರಿಟಿಯವನೂ ಒಳಗೆ ಬಿಡುವುದಿಲ್ಲ.

ಅಮ್ಮನ ಕಾಯಿಲೆಯ ಸುಳ್ಳಂತೂ ಬೇಡವೇ ಬೇಡ. ಬೆಂಗಳೂರಿನಲ್ಲಾದರೆ ಯಾರಿಗೆ ಯಾರೋ. ನಿಮ್ಮ ವ್ಯಾನಿನಲ್ಲಿರುವವರೆಲ್ಲ ಅಕ್ಕಪಕ್ಕದ ಊರಿನವರು. ನೀವು ಸುಳ್ಳು ಹೇಳಿದ ಮಾರನೇ ದಿನವೇ ಅಮ್ಮ ನಲ್ಲಿ ಹತ್ತಿರ ಬಿಂದಿಗೆ ಹಿಡಿದು ನಿಂತಿರುವುದನ್ನು ಯಾರಾದರೂ ನೋಡಿರುತ್ತಾರೆ. ನಿಮ್ಮ ಸೂಪರ್‌ವೈಸರ್ ಫ್ಯಾಕ್ಟರಿಯಲ್ಲಿ ಉಳಿದುಬಿಡುವ ಮನುಷ್ಯಳಲ್ಲ. ಜಾತ್ರೆಯಲ್ಲಿ ಸಿಗುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರುತ್ತಾರೆ. ಪಟ್ಟಣದವರಿಗಾಗಿ ಬರೆದ ರಾಜೀನಾಮೆ ಸಲಹೆಗಳಲ್ಲಿ ಈ ಪೇಚು ಬರುವುದೇ ಇಲ್ಲ.

ಅದಕ್ಕೇ ಪತ್ರಕ್ಕಿಂತ ಮೊದಲು ಅವರ ಮನೆಗೆ ಹೋಗಿ. ಫ್ಲೋರಿನಲ್ಲಿ ಹೇಳಬೇಡಿ, ವ್ಯಾನಿನಲ್ಲಿ ಮೊದಲೇ ಬೇಡ. ಒಂದು ಭಾನುವಾರ ಸಂಜೆ, ಗಂಡ ಮಕ್ಕಳ ಎದುರಿಗಲ್ಲದೆ, ಹಿತ್ತಿಲಲ್ಲೋ ಜಗಲಿಯಲ್ಲೋ ಕೂತು ನೇರವಾಗಿ ಹೇಳಿ: "ಅಕ್ಕ, ನೀನ್ ಸೇರ್ಸಿದ್ಕೆ ನಾನು ಮೆಷಿನ್ ಕಲ್ತೆ. ಮಳವಳ್ಳೀಲಿ ಒಂದು ಕೆಲ್ಸ ಸಿಕ್ಕದೆ, ಸಂಜೆ ಬೇಗ ಮನೆಗ್ ಬರ್ಬೋದು. ಆಪೀಸ್ಗೆ ಕಾಗ್ದ ಕೊಡೋಕ್ ಮುಂಚೆ ನಿಂಗೇ ಯೋಳ್ಬೇಕು ಅಂತ ಬಂದೆ ಕಣಕ್ಕ." ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ. ಲೈನಿನಿಂದ ಒಬ್ಬರು ಹೋದರೆ ಆ ದಿನದ ಟಾರ್ಗೆಟ್ ಬೀಳುತ್ತದೆ, ಫ್ಲೋರ್ ಇನ್‌ಚಾರ್ಜ್ ಕೂಗಾಡುವುದು ಅವರ ಮೇಲೆ. ಆ ಸಿಟ್ಟಿಗೆ ಮದ್ದು ಮಾತಿನಲ್ಲಿಲ್ಲ. ನೀವು ಕಾಲರ್ ಕೂರಿಸುವವರಾದರೆ, ನೋಟಿಸಿನ ದಿನಗಳಲ್ಲಿ ಒಬ್ಬ ಹುಡುಗಿಗೆ ಆ ಕೆಲಸ ಹಿಡಿಸಿಕೊಟ್ಟು ಹೋಗಿ. ಆಲ್ಟ್ರೇಷನ್ ಪೀಸು ಉಳಿಸಬೇಡಿ. ಹೊರಡುವವರು ಕೊನೆಯ ತಿಂಗಳು ಹೇಗೆ ಹೊಲಿದರು ಎನ್ನುವುದನ್ನೇ ಲೈನು ನೆನಪಿಟ್ಟುಕೊಳ್ಳುವುದು.

ನಿಮ್ಮ ಜಿಲ್ಲೆಯಲ್ಲಿ ಮನೆಮನೆಯಲ್ಲೂ ಫೋಟೊ ಇರುವ ವಿಶ್ವೇಶ್ವರಯ್ಯನವರೂ ಹೀಗೆ ಕೆಲಸ ಬಿಟ್ಟವರೇ. 1912ರಲ್ಲಿ ಮೈಸೂರು ಸಂಸ್ಥಾನದ ದಿವಾನರಾದವರು, ಕನ್ನಂಬಾಡಿ ಕಟ್ಟೆ ಇನ್ನೂ ಏಳುತ್ತಿರುವಾಗಲೇ, 1918ರ ಕೊನೆಯಲ್ಲಿ ಆ ಹುದ್ದೆ ಬಿಡಲು ನಿಶ್ಚಯಿಸಿದರು. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ವಿಷಯದಲ್ಲಿ ಅರಸರಾದ ನಾಲ್ವಡಿಯವರಿಗೂ ಅವರಿಗೂ ಮನಸ್ಸು ಕೂಡಲಿಲ್ಲ. ಈ ಪಾಲಿನ ವಿಚಾರಕ್ಕೆಂದೇ ಮಿಲ್ಲರ್ ಸಮಿತಿ ನೇಮಕವಾದ ವರ್ಷವದು. ಆ ವಿಷಯದಲ್ಲಿ ಅರಸರ ಕಡೆಯೇ ನ್ಯಾಯವಿತ್ತು ಎನ್ನುವವನು ನಾನು. ಆದರೆ ಬಿಟ್ಟ ರೀತಿ ನೋಡಿ: 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಮುಳುಗಿದ್ದಾಗ ಅದೇ ಸಂಸ್ಥಾನ ಅವರನ್ನು ಕರೆಯಿತು, ಅವರೂ ಬಂದು ಅದರ ಆಡಳಿತ ವಹಿಸಿಕೊಂಡರು. ಭಿನ್ನಾಭಿಪ್ರಾಯ ಇತ್ತು, ಬಾಗಿಲು ಮುಚ್ಚಿರಲಿಲ್ಲ. ಮಳವಳ್ಳಿಯ ಅಂಗಡಿ ಎರಡು ವರ್ಷಕ್ಕೆ ಬಾಗಿಲು ಹಾಕಿದರೆ ನಿಮಗೂ ಹಳೆಯ ಗೇಟು ಬೇಕಾಗಬಹುದು.

ಪತ್ರ ಚಿಕ್ಕದಿರಲಿ. ದೂರು, ಕಣ್ಣೀರು, ಅತಿ ಹೊಗಳಿಕೆ ಯಾವುದೂ ಬೇಡ. ಇಷ್ಟು ಸಾಕು:

"ವ್ಯವಸ್ಥಾಪಕರಿಗೆ, ವೈಯಕ್ತಿಕ ಕಾರಣದಿಂದ ನನ್ನ ಟೈಲರ್ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ನೇಮಕಾತಿ ಪತ್ರದಂತೆ ನೋಟಿಸ್ ಅವಧಿ ಪೂರೈಸಿ ಇಂಥ ದಿನಾಂಕದಂದು ಬಿಡುಗಡೆ ಹೊಂದಲು ಬಯಸುತ್ತೇನೆ. ಬಾಕಿ ಸಂಬಳ, ರಜೆ ಸಂಬಳ, ಬೋನಸ್, ಗ್ರಾಚ್ಯುಟಿ ಲೆಕ್ಕ ಮಾಡಿಕೊಟ್ಟು, ಬಿಡುಗಡೆ ಪತ್ರ ಮತ್ತು ಅನುಭವ ಪತ್ರ ನೀಡಬೇಕೆಂದು ಕೋರುತ್ತೇನೆ. ಇಲ್ಲಿ ಕೆಲಸ ಕಲಿಸಿದ ಎಲ್ಲರಿಗೂ ಕೃತಜ್ಞತೆಗಳು."

ಆ "ಇಂಥ ದಿನಾಂಕ" ಐದು ವರ್ಷ ತುಂಬಿ ಒಂದು ವಾರ ಕಳೆದ ಮೇಲಿನದಾಗಿರಲಿ. ನಡುವೆ ಹೇಳದೆ ಗೈರಾದ ದಿನಗಳಿದ್ದರೆ ಎಚ್‌ಆರ್‌ನಲ್ಲಿ ಸೇವಾ ಲೆಕ್ಕ ಕೇಳಿ ನೋಡಿಕೊಳ್ಳಿ. ಎರಡು ಪ್ರತಿ ಬರೆದು, ಒಂದರ ಮೇಲೆ ಸೀಲು ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳದೆ ಸತಾಯಿಸಿದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಖಾಲಿ ಹಾಳೆಗೆ ಸಹಿ ಮಾಡಬೇಡಿ. ದುಡ್ಡು ಖಾತೆಗೆ ಬೀಳುವ ಮುಂಚೆ "ಎಲ್ಲ ಬಾಕಿ ಸಂದಿದೆ" ಎಂಬ ಕಾಗದಕ್ಕೂ ಮಾಡಬೇಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ, ರಾಜೀನಾಮೆ ಕೊಟ್ಟವರ ಸಂಬಳದ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದಿದೆ. ಗ್ರಾಚ್ಯುಟಿಗೆ ಮೂವತ್ತು ದಿನ. ಕೇಳಲು ಸಂಕೋಚಪಡುವಂಥದ್ದು ಇದರಲ್ಲೇನೂ ಇಲ್ಲ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದ ತನಕ ಮುಟ್ಟುವಂತಿಲ್ಲ ಎಂದು ಕೇಂದ್ರ ಹೇಳಿದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಿಳಿದು ಆ ನಿಯಮ ವಾಪಸು ಮಾಡಿಸಿದ್ದು ನಿಮ್ಮಂಥ ಗಾರ್ಮೆಂಟ್ಸ್ ಹೆಂಗಸರೇ.

ಹೊಸ ಕಡೆಯ ಬಗ್ಗೆ ಒಂದು ಮಾತು. ಇಪ್ಪತ್ತು ಜನರಿಗಿಂತ ಕಡಿಮೆ ಇರುವ ಅಂಗಡಿಗೆ ಪಿಎಫ್ ಕಡ್ಡಾಯವಲ್ಲ, ಹತ್ತಕ್ಕಿಂತ ಕಡಿಮೆಯಿದ್ದರೆ ಇಎಸ್‌ಐಯೂ ಇರುವುದಿಲ್ಲ. ಹಾಗಾಗಿ ಕಡಿಮೆಯಾಗುವುದು ಬರೀ ಸಾವಿರ ರೂಪಾಯಿ ಅಲ್ಲ. ಅಮ್ಮನ ಔಷಧಿ ಇಎಸ್‌ಐನಲ್ಲಿ ಬರುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿದು ಅಂಗಡಿಯವರ ಹತ್ತಿರ ಸಂಬಳ ಮಾತಾಡಿ. ವಾರದ ರಜೆ, ಹಬ್ಬದ ಸೀಸನ್ನಿನ ಓವರ್‌ಟೈಮ್ ಎರಡನ್ನೂ ಮೊದಲೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಪಿಎಫ್ ದುಡ್ಡನ್ನು ಬಿಟ್ಟ ಕೂಡಲೇ ತೆಗೆದು ಚಿನ್ನಕ್ಕೆ, ಚೀಟಿಗೆ ಹಾಕಬೇಡಿ. ಪಿಎಫ್ ಜೊತೆಗಿನ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ನಿಮ್ಮದು ಐದಾಗಿರುತ್ತದೆ. ಪಿಂಚಣಿಯ ಪಾಲನ್ನೂ ಎತ್ತಿಬಿಟ್ಟರೆ ಆ ಐದು ಅಳಿಸಿಹೋಗುತ್ತದೆ. 10ಸಿ ಅರ್ಜಿ ತುಂಬುವಾಗ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ ಬೇಕೆಂದು ಬರೆಸಿ, ಬಂದ ಮೇಲೆ ಮನೆಯ ಮುಖ್ಯ ಕಾಗದಪತ್ರಗಳ ಜೊತೆಯಲ್ಲಿಡಿ. ಮುಂದೆ ಪಿಎಫ್ ಇರುವ ಕಡೆ ಸೇರಿದರೆ ಎಣಿಕೆ ಆರರಿಂದ ಶುರುವಾಗುತ್ತದೆ.