ಡಿಜಾಕ್ಸಿನ್: ಅಳತೆಯಲ್ಲಿದ್ದರೆ ಔಷಧ, ಮೀರಿದರೆ ವಿಷ

ಆರೋಗ್ಯವಂತರ ಹೃದಯವು ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಬಾರಿ ಒಂದೇ ಲಯದಲ್ಲಿ ಮಿಡಿಯುತ್ತದೆ. ವೃದ್ಧಾಪ್ಯ, ಅಧಿಕ ರಕ್ತದೊತ್ತಡ, ಕವಾಟಗಳ ದೋಷ ಮೊದಲಾದ ಕಾರಣಗಳಿಂದ ಈ ಲಯವು ತಪ್ಪಬಹುದು. ಆಗ ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಕ್ರಮವಾಗಿ ಸಂಕುಚಿಸುವುದನ್ನು ಬಿಟ್ಟು ಕಂಪಿಸತೊಡಗುತ್ತವೆ. ನಾಡಿಯು ವೇಗವಾಗಿಯೂ ಏರುಪೇರಾಗಿಯೂ ಓಡುತ್ತದೆ. ಇದನ್ನು ವೈದ್ಯರು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಇದಕ್ಕೆ ಕೊಡುವ ಹಳೆಯ ಔಷಧಗಳಲ್ಲಿ ಡಿಜಾಕ್ಸಿನ್ ಒಂದು.

ಈ ಔಷಧದ ಮೂಲ ಡಿಜಿಟಾಲಿಸ್ ಎಂಬ ಹೂಗಿಡ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಅದರ ಎಲೆಯ ಗುಣವನ್ನೂ ಅಪಾಯವನ್ನೂ ವರ್ಷಗಟ್ಟಲೆ ಪರೀಕ್ಷಿಸಿ 1785ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. 1930ರಲ್ಲಿ ಅದೇ ಕುಲದ ಇನ್ನೊಂದು ಗಿಡದಿಂದ ಡಿಜಾಕ್ಸಿನ್ನನ್ನು ಬೇರ್ಪಡಿಸಲಾಯಿತು. ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಸಾಗುವ ವಿದ್ಯುತ್ ಸಂಕೇತಗಳನ್ನು ಇದು ತಡೆದು ನಿಧಾನಗೊಳಿಸುತ್ತದೆ. ಹೀಗೆ ನಾಡಿಯ ವೇಗ ತಗ್ಗುತ್ತದೆಯಾದರೂ ತಪ್ಪಿದ ಲಯವು ಸರಿಹೋಗುವುದಿಲ್ಲ. ಆದುದರಿಂದ ರಕ್ತ ಹೆಪ್ಪುಗಟ್ಟದಂತೆ ವೈದ್ಯರು ಬೇರೆ ಮಾತ್ರೆ ಕೊಟ್ಟಿದ್ದರೆ ಅದನ್ನು ಬಿಡಬಾರದು.

ನಾವು ಮುಖ್ಯವಾಗಿ ಅರಿಯಬೇಕಾದುದು ಇದರ ಅಳತೆಯನ್ನು. ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಇರುವ ಅಂತರ ಬಹಳ ಕಿರಿದು. ಸಾಮಾನ್ಯವಾಗಿ ದೊರೆಯುವ ಮಾತ್ರೆಯಲ್ಲಿರುವುದು ಕೇವಲ 0.25 ಮಿಲಿಗ್ರಾಂ. ನಮ್ಮಲ್ಲಿ ಅನೇಕ ವೈದ್ಯರು ಇದನ್ನು ವಾರಕ್ಕೆ ಐದೇ ದಿನ ಸೇವಿಸಲು ಹೇಳುತ್ತಾರೆ. ಆ ಸೂಚನೆಯನ್ನು ಗಮನಿಸದೆ ಏಳು ದಿನವೂ ನುಂಗಿದರೆ ಔಷಧವು ದೇಹದಲ್ಲಿ ಹೆಚ್ಚಬಹುದು. ಇದು ಬಹುಪಾಲು ಮೂತ್ರಪಿಂಡಗಳ ಮೂಲಕ ಹೊರಹೋಗುವುದರಿಂದ, ಮೂತ್ರಪಿಂಡಗಳು ದುರ್ಬಲವಾಗಿರುವ ಹಿರಿಯರಿಗೆ ಅಪಾಯ ಹೆಚ್ಚು. ವಾಂತಿಭೇದಿಯಿಂದಾಗಲಿ, ನೀರಿನ ಮಾತ್ರೆಯಿಂದಾಗಲಿ ರಕ್ತದ ಪೊಟ್ಯಾಸಿಯಂ ಕುಗ್ಗಿದರೆ, ಮೊದಲಿನ ಪ್ರಮಾಣವೇ ವಿಷದಂತೆ ವರ್ತಿಸಬಲ್ಲದು.

ಊಟ ಸೇರದಿರುವುದು, ಓಕರಿಕೆ, ವಾಂತಿ, ನಿಶ್ಶಕ್ತಿ, ಮನಸ್ಸಿನ ಗೊಂದಲ, ನೋಟಕ್ಕೆ ಎಲ್ಲವೂ ಹಳದಿಯಾಗಿ ಕಾಣುವುದು, ನಾಡಿ ತೀರ ನಿಧಾನವಾಗುವುದು ಇವು ಎಚ್ಚರಿಕೆಯ ಲಕ್ಷಣಗಳು. ಮನೆಯ ಹಿರಿಯರು ಊಟ ಬಿಟ್ಟರೆ ನಾವು ಅದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತೇವೆ. ಅವರು ಈ ಮಾತ್ರೆಯನ್ನು ಸೇವಿಸುತ್ತಿದ್ದರೆ ಹಾಗೆ ಸುಮ್ಮನಿರದೆ ಅಂದೇ ವೈದ್ಯರಿಗೆ ತಿಳಿಸಬೇಕು.

ಮಾತ್ರೆಗೆ ಮುನ್ನ ಒಂದು ನಿಮಿಷ ಪೂರ್ತಿ ನಾಡಿಯನ್ನು ಎಣಿಸುವುದು ಒಳ್ಳೆಯ ಅಭ್ಯಾಸ. ಅದು 60ಕ್ಕಿಂತ ಕಡಿಮೆಯಿದ್ದರೆ ಮಾತ್ರೆಗೆ ಮೊದಲು ವೈದ್ಯರನ್ನು ಕೇಳಬೇಕು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು. ಬೇರೆ ಕಾಯಿಲೆಗೆ ಚಿಕಿತ್ಸೆ ಪಡೆಯುವಾಗಲೂ ಈ ಮಾತ್ರೆಯ ಹೆಸರನ್ನು ಹೇಳಬೇಕು. ಕೆಲವು ಔಷಧಗಳು ಇದರ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತವೆ. ಮಕ್ಕಳ ಕೈಗೆ ಇದು ಎಟುಕದಿರಲಿ.

ಗಿಡದಿಂದ ಬಂದದ್ದು ನಿರಪಾಯ ಎಂಬ ನಂಬಿಕೆ ನಮ್ಮಲ್ಲಿದೆ. ಪೂಜೆಗೆ ನಾವು ಕೊಯ್ಯುವ ಕಣಗಿಲೆಯಲ್ಲಿಯೂ ಹಳದಿ ಕಣಗಿಲೆಯಲ್ಲಿಯೂ ಡಿಜಾಕ್ಸಿನ್ನನ್ನು ಹೋಲುವ, ಹೃದಯವನ್ನೇ ನಿಲ್ಲಿಸಬಲ್ಲ ವಿಷಗಳಿವೆ. ಹೂವು ಪೂಜೆಗೆ ಸಲ್ಲಲಿ. ಅದರ ಎಲೆ, ಬೀಜ, ಬೇರುಗಳು ಕಷಾಯವಾಗಿ ಯಾರ ಹೊಟ್ಟೆಯನ್ನೂ ಸೇರದಿರಲಿ. ಡಿಜಾಕ್ಸಿನ್ ಸೇವಿಸುವವರು ಅದನ್ನು ತಾವಾಗಿ ಹೆಚ್ಚಿಸುವುದೂ ಬೇಡ, ಹೆದರಿ ನಿಲ್ಲಿಸುವುದೂ ಬೇಡ. ಮುಂದಿನ ಭೇಟಿಯಲ್ಲಿ ಮನೆಯ ಎಲ್ಲ ಮಾತ್ರೆಗಳನ್ನೂ ವೈದ್ಯರ ಮುಂದಿಟ್ಟು, ಎಷ್ಟು, ಯಾವ ದಿನ, ರಕ್ತಪರೀಕ್ಷೆ ಯಾವಾಗ ಎಂಬ ಮೂರನ್ನೂ ಕೇಳಿ ಬರೆದಿಟ್ಟುಕೊಳ್ಳೋಣ.